ಸಿಇಟಿ ರ‍್ಯಾಂಕ್ ಎಲ್ಲಿಂದ ಬರುತ್ತದೆ?

ಸಿಇಟಿ ಫಲಿತಾಂಶದ ದಿನ ಶ್ರೀರಂಗಪಟ್ಟಣದಿಂದ ನಾಗಮಂಗಲದವರೆಗೆ ಮಕ್ಕಳಿರುವ ಮನೆಗಳಲ್ಲೆಲ್ಲ ಒಂದೇ ಪ್ರಶ್ನೆ: ‘ಎಷ್ಟು ಬಂತು?’ ಒಬ್ಬ ಹುಡುಗ ‘ತೊಂಬತ್ತು’ ಅನ್ನುತ್ತಾನೆ. ಪಕ್ಕದ ಮನೆ ಹುಡುಗಿ ‘ನಲವತ್ತು ಸಾವಿರ’ ಅನ್ನುತ್ತಾಳೆ. ಜೆಇಇ ಬರೆದವರ ಮನೆಯಲ್ಲಿ ‘ತೊಂಬತ್ತೆರಡು ಪರ್ಸೆಂಟೈಲ್’ ಅನ್ನುತ್ತಾರೆ. ಮೊದಲನೆಯದು ಅಂಕ, ಎರಡನೆಯದು ರ‍್ಯಾಂಕ್, ಅಂದರೆ ಸಾಲಿನಲ್ಲಿ ನಿಮ್ಮ ಮಗು ನಿಂತ ಜಾಗ. ಮೂರನೆಯದು ಎಷ್ಟು ಮಂದಿ ನಿಮ್ಮ ಮಗುವಿಗಿಂತ ಹಿಂದಿದ್ದಾರೆ ಎಂಬ ಲೆಕ್ಕ. ಈ ಮೂರನ್ನೂ ಒಂದೇ ಎಂದುಕೊಂಡು ಖುಷಿಪಡುವವರೂ ಇದ್ದಾರೆ, ಕಣ್ಣೀರು ಹಾಕುವವರೂ ಇದ್ದಾರೆ. ಆದ್ದರಿಂದ ಒಂದೊಂದಾಗಿ ಬಿಡಿಸಿ ನೋಡೋಣ.

ಮೊದಲು ಸಿಇಟಿ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ, ಈ ಸಾಮಾನ್ಯ ಪ್ರವೇಶ ಪರೀಕ್ಷೆಯನ್ನು ನಡೆಸುತ್ತದೆ. 1994ರಲ್ಲಿ ಸಿಇಟಿ ಘಟಕವಾಗಿ ಶುರುವಾದ ಈ ಸಂಸ್ಥೆಯ ಕಚೇರಿ ಬೆಂಗಳೂರಿನ ಮಲ್ಲೇಶ್ವರದಲ್ಲಿದೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ ಎಂಬ ನಾಲ್ಕು ಪತ್ರಿಕೆಗಳಿರುತ್ತವೆ. ಪ್ರತಿ ಪತ್ರಿಕೆಗೆ 60 ಪ್ರಶ್ನೆ, 60 ಅಂಕ, 80 ನಿಮಿಷ. ಎಂಜಿನಿಯರಿಂಗ್‌ಗೆ ಮೊದಲ ಮೂರು ಪತ್ರಿಕೆ ಸೇರಿ 180 ಅಂಕ ಲೆಕ್ಕಕ್ಕೆ ಬರುತ್ತದೆ.

ಇಲ್ಲಿ ಎರಡು ವಿಷಯ ಗಮನಿಸಿ. ಒಂದು, ತಪ್ಪು ಉತ್ತರಕ್ಕೆ ಅಂಕ ಕಡಿತ ಇಲ್ಲ. ಹಾಗಾಗಿ ಗೊತ್ತಿಲ್ಲದ ಪ್ರಶ್ನೆಗೂ ಒಂದು ವೃತ್ತ ತುಂಬಲೇಬೇಕು. ನಾಲ್ಕು ಆಯ್ಕೆಗಳಲ್ಲಿ ಒಂದು ಸರಿ ಇರುವಾಗ ಇಪ್ಪತ್ತು ಪ್ರಶ್ನೆ ಖಾಲಿ ಬಿಟ್ಟವರು ಹೆಚ್ಚುಕಡಿಮೆ ಐದು ಅಂಕ ಬಿಟ್ಟುಬಂದ ಹಾಗೆ. ಎರಡು, ಸಿಇಟಿಯಲ್ಲಿ ಪಾಸು-ಫೇಲು ಎಂಬುದಿಲ್ಲ. 180ಕ್ಕೆ 80 ಬಂದ ಮಗುವನ್ನು ‘ಅರ್ಧವೂ ಬರಲಿಲ್ಲವಲ್ಲ’ ಎಂದು ಬೈಯಬೇಡಿ. ಪಿಯು ಪರೀಕ್ಷೆಯ 80 ಬೇರೆ, ಸಿಇಟಿಯ 80 ಬೇರೆ. ಸಿಇಟಿ ಪ್ರಶ್ನೆಪತ್ರಿಕೆ ಮಾಡುವುದೇ ಮಕ್ಕಳನ್ನು ಮುಂದೆ-ಹಿಂದೆ ನಿಲ್ಲಿಸಿ ಸಾಲು ಕಟ್ಟಲಿಕ್ಕೆ. ಎಲ್ಲರಿಗೂ ನೂರಕ್ಕೆ ತೊಂಬತ್ತು ಬಂದರೆ ಸಾಲೇ ಆಗುವುದಿಲ್ಲ.

ಪಾಸಾಗಬೇಕಾದದ್ದು ಪಿಯುಸಿಯಲ್ಲಿ. ಎಂಜಿನಿಯರಿಂಗ್‌ಗೆ ಮೂರು ವಿಷಯ ಸೇರಿ ಸಾಮಾನ್ಯ ವರ್ಗದವರಿಗೆ ಶೇ 45, ಅಂದರೆ 300ಕ್ಕೆ 135 ಇರಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಪ್ರವರ್ಗ 1, 2ಎ, 2ಬಿ, 3ಎ, 3ಬಿ ಮಕ್ಕಳಿಗೆ ಶೇ 40, ಅಂದರೆ 120 ಸಾಕು. ಇಷ್ಟಿಲ್ಲದಿದ್ದರೆ ಸಿಇಟಿಯಲ್ಲಿ ಎಷ್ಟೇ ಬಂದರೂ ಉಪಯೋಗವಿಲ್ಲ.

ಅರ್ಧ ಅಲ್ಲಿ, ಅರ್ಧ ಇಲ್ಲಿ

ಈಗ ಲೆಕ್ಕಕ್ಕೆ ಬರೋಣ. ಎಂಜಿನಿಯರಿಂಗ್ ರ‍್ಯಾಂಕ್ ಸಿಇಟಿ ಅಂಕದಿಂದ ಮಾತ್ರ ಬರುವುದಿಲ್ಲ. ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಕ್ಕೆ 50, ಸಿಇಟಿಯ ಅದೇ ಮೂರು ವಿಷಯಕ್ಕೆ 50, ಎರಡನ್ನೂ ಕೂಡಿಸಿ ನೂರಕ್ಕೆ ಎಷ್ಟು ಬಂತು ಎಂದು ನೋಡುತ್ತಾರೆ. ಡೇರಿಗೆ ಹಾಲು ಹಾಕುವವರಿಗೆ ಇದು ಹೊಸದಲ್ಲ. ಫ್ಯಾಟ್ ಒಂದನ್ನೇ ನೋಡಿ ದರ ಕಟ್ಟುವುದಿಲ್ಲ, ಎಸ್‌ಎನ್‌ಎಫ್, ಅಂದರೆ ಕೊಬ್ಬು ಬಿಟ್ಟು ಉಳಿದ ಘನಾಂಶ, ಕೂಡ ಸೇರಿಸಿ ಕಟ್ಟುತ್ತಾರೆ.

ಒಂದು ಉದಾಹರಣೆ ತೆಗೆದುಕೊಳ್ಳಿ. ಕೆ.ಆರ್. ಪೇಟೆಯ ಸರ್ಕಾರಿ ಕಾಲೇಜಿನಲ್ಲಿ ಓದಿದ ಒಬ್ಬ ಹುಡುಗಿಗೆ ಪಿಯುಸಿಯ ಮೂರು ವಿಷಯ ಸೇರಿ 300ಕ್ಕೆ 270 ಬಂದಿದೆ ಎಂದಿಟ್ಟುಕೊಳ್ಳಿ. ಸಿಇಟಿಯಲ್ಲಿ 180ಕ್ಕೆ 90. ಅವಳ ಪಿಯುಸಿ ಪಾಲು 45, ಸಿಇಟಿ ಪಾಲು 25, ಒಟ್ಟು 70. ಇನ್ನೊಬ್ಬ ಹುಡುಗ ಎರಡು ವರ್ಷ ಹಾಸ್ಟೆಲಿನಲ್ಲಿದ್ದು ಕೋಚಿಂಗ್ ಪಡೆದಿದ್ದಾನೆ. ಅವನಿಗೆ ಪಿಯುಸಿಯಲ್ಲಿ 225, ಸಿಇಟಿಯಲ್ಲಿ 108. ಅವನ ಲೆಕ್ಕ 37.5 ಮತ್ತು 30, ಒಟ್ಟು 67.5. ಸಿಇಟಿಯಲ್ಲಿ ಹದಿನೆಂಟು ಅಂಕ ಮುಂದಿದ್ದರೂ ರ‍್ಯಾಂಕ್ ಪಟ್ಟಿಯಲ್ಲಿ ಆ ಹುಡುಗ ಹಿಂದೆ ಬೀಳುತ್ತಾನೆ.

ಹಾಗಾದರೆ ಯಾವ ಅಂಕ ಹೆಚ್ಚು ಬೆಲೆಯದು ಎಂದು ಕೇಳಬಹುದು. ಬಿಡಿ ಅಂಕದ ಲೆಕ್ಕದಲ್ಲಿ ಸಿಇಟಿಯದೇ ತೂಕ ಹೆಚ್ಚು. ಸಿಇಟಿಯ ಮೂರು ಅಂಕ ಪಿಯುಸಿಯ ಐದು ಅಂಕಕ್ಕೆ ಸಮ. ಆದರೆ ಪಿಯುಸಿಯ ಐದು ಅಂಕ ಗಳಿಸುವುದು ಸಿಇಟಿಯ ಮೂರು ಅಂಕ ಗಳಿಸುವುದಕ್ಕಿಂತ ಬಹುಪಾಲು ಮಕ್ಕಳಿಗೆ ಸುಲಭ. ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರದಲ್ಲಿ ಪ್ರಾಯೋಗಿಕ ಪರೀಕ್ಷೆಗೆ ತಲಾ 30 ಅಂಕ, ಗಣಿತದಲ್ಲಿ ಆಂತರಿಕ ಮೌಲ್ಯಮಾಪನಕ್ಕೆ 20 ಅಂಕ ಇದೆ. ಅಂದರೆ 300ರಲ್ಲಿ 80 ಅಂಕ ನಿಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ, ರೆಕಾರ್ಡ್ ಪುಸ್ತಕದಲ್ಲಿ, ಹಾಜರಿಯಲ್ಲಿ ಕೂತಿದೆ. ಕೋಚಿಂಗ್‌ಗೆಂದು ತರಗತಿ ತಪ್ಪಿಸಿ ಇದನ್ನು ಕಳೆದುಕೊಳ್ಳುವುದು ನನ್ನ ಪ್ರಕಾರ ನಷ್ಟದ ವ್ಯಾಪಾರ. ಮಂಗಳೂರಿನ ಕಡೆಯ ದೊಡ್ಡ ಪಿಯು ಕಾಲೇಜುಗಳಿಗೆ ಲಕ್ಷಗಟ್ಟಲೆ ಕಟ್ಟುವ ಮೊದಲು ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ನೋಡಿ.

ಇನ್ನೊಂದು ಅನುಕೂಲವೂ ಇದೆ. 2024ರಿಂದ ದ್ವಿತೀಯ ಪಿಯುಸಿಗೆ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆ. ಮೊದಲ ಸಲ ಗಣಿತದಲ್ಲಿ ಎಡವಿದವರು ಎರಡನೇ ಪರೀಕ್ಷೆ ಬರೆಯಬಹುದು, ಎರಡರಲ್ಲಿ ಹೆಚ್ಚು ಬಂದದ್ದು ಉಳಿಯುತ್ತದೆ. ಆದರೆ ಯಾವ ಪರೀಕ್ಷೆಯ ಅಂಕವನ್ನು ಎಷ್ಟರೊಳಗೆ ರ‍್ಯಾಂಕಿಗೆ ಸೇರಿಸುತ್ತಾರೆ ಎಂಬ ಕೆಇಎ ಪ್ರಕಟಣೆಯನ್ನು ಆಯಾ ವರ್ಷ ನೋಡಿಕೊಳ್ಳಬೇಕು.

ಸಿಬಿಎಸ್‌ಇ, ಐಸಿಎಸ್‌ಇ ಮಕ್ಕಳಿಗೆ ಒಂದು ಎಚ್ಚರಿಕೆ. ರಾಜ್ಯ ಮಂಡಳಿಯ ಪಿಯು ಅಂಕ ನೋಂದಣಿ ಸಂಖ್ಯೆಯ ಮೂಲಕ ತಾನಾಗಿ ಕೆಇಎಗೆ ಹೋಗುತ್ತದೆ. ನಿಮ್ಮದನ್ನು ನೀವೇ ಕೆಇಎ ಪೋರ್ಟಲಿನಲ್ಲಿ ತುಂಬಬೇಕು. ತುಂಬದಿದ್ದರೆ ಸಿಇಟಿ ಅಂಕ ಕಾಣುತ್ತದೆ, ರ‍್ಯಾಂಕಿನ ಜಾಗ ಖಾಲಿ ಇರುತ್ತದೆ. ಪಿಯು ನೋಂದಣಿ ಸಂಖ್ಯೆಯ ಒಂದು ಅಂಕಿ ತಪ್ಪಿದರೂ ಹೀಗೇ ಆಗಬಹುದು. ಗಾಬರಿ ಬೇಡ, ಕೆಇಎ ತಿದ್ದುಪಡಿಗೆ ಕೊಡುವ ಅವಧಿಯಲ್ಲಿ ಸರಿಪಡಿಸಿಕೊಳ್ಳಿ.

ಒಂದು ವರ್ಷದ ಅಂಕ ಇನ್ನೊಂದು ವರ್ಷಕ್ಕೆ ಸಮವೇ?

ಅಲ್ಲ. ಇದಕ್ಕೆ ನಮ್ಮ ರಾಜ್ಯದಲ್ಲೇ ನಡೆದ ಪ್ರಸಂಗವಿದೆ. 2021ರಲ್ಲಿ ಕೋವಿಡ್ ಕಾರಣಕ್ಕೆ ದ್ವಿತೀಯ ಪಿಯುಸಿ ಪರೀಕ್ಷೆಯೇ ನಡೆಯಲಿಲ್ಲ. ಹಿಂದಿನ ತರಗತಿಗಳ ಅಂಕ ನೋಡಿ ಫಲಿತಾಂಶ ಕೊಟ್ಟರು, ಅಂಕಗಳು ಉದಾರವಾಗಿ ಬಂದವು. ಆ ವರ್ಷ ರ‍್ಯಾಂಕನ್ನು ಸಿಇಟಿ ಅಂಕದಿಂದ ಮಾತ್ರ ಕೊಟ್ಟರು. ಮರುವರ್ಷ ಅದೇ ಬ್ಯಾಚಿನ ಮಕ್ಕಳು ಮತ್ತೆ ಸಿಇಟಿ ಬರೆದಾಗ ಕೆಇಎ ಅವರ ಪಿಯು ಅಂಕವನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಸುಮಾರು 24 ಸಾವಿರ ಮಕ್ಕಳ ರ‍್ಯಾಂಕ್ ಕುಸಿಯಿತು. ಹೈಕೋರ್ಟಿಗೆ ಹೋದರು. ಕೊನೆಗೆ ತಜ್ಞರ ಸಮಿತಿ ಎರಡು ವರ್ಷದ ಅಂಕಗಳನ್ನು ಹೋಲಿಸಿ, ಆ ಮಕ್ಕಳ ಪಿಯು ಅಂಕದಿಂದ ನೂರಕ್ಕೆ ಸರಾಸರಿ 6 ಕಳೆದು ಉಳಿದದ್ದನ್ನು ಸೇರಿಸಬಹುದು ಎಂದಿತು. ಕೋರ್ಟು ಒಪ್ಪಿತು, 2022ರ ಅಕ್ಟೋಬರಿನಲ್ಲಿ ಪರಿಷ್ಕೃತ ಪಟ್ಟಿ ಬಂತು. ಬೇರೆ ಬೇರೆ ಪರೀಕ್ಷೆಯ ಅಂಕಗಳನ್ನು ಹೀಗೆ ಒಂದೇ ಅಳತೆಗೆ ತರುವುದಕ್ಕೆ ನಾರ್ಮಲೈಸೇಷನ್ ಎನ್ನುತ್ತಾರೆ, ಸಮೀಕರಣ ಎಂದುಕೊಳ್ಳಿ.

2024ರಲ್ಲಿ ಇನ್ನೊಂದು ಗೊಂದಲ. ಏಪ್ರಿಲ್ 18 ಮತ್ತು 19ರ ಸಿಇಟಿಯಲ್ಲಿ ಪಠ್ಯದಲ್ಲಿಲ್ಲದ ಪ್ರಶ್ನೆಗಳು ಬಂದವು ಎಂದು ಮಕ್ಕಳು ಬೀದಿಗಿಳಿದರು. ತಜ್ಞರು ನೋಡಿ ನಾಲ್ಕೂ ವಿಷಯ ಸೇರಿ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಟ್ಟರು. ಆ ವರ್ಷ ಒಟ್ಟು ಅಂಕವೇ ಕಡಿಮೆ. ಹಾಗಾಗಿ ‘ನಮ್ಮ ಅಣ್ಣನಿಗೆ ಇಷ್ಟು ಅಂಕಕ್ಕೆ ಆ ಕಾಲೇಜು ಸಿಕ್ಕಿತ್ತು’ ಎಂಬ ಹೋಲಿಕೆ ಕೆಲಸಕ್ಕೆ ಬಾರದು. ಹೋಲಿಸುವುದಾದರೆ ರ‍್ಯಾಂಕಿಗೆ ರ‍್ಯಾಂಕ್ ಹೋಲಿಸಿ. ಅದೇ 2024ರಲ್ಲಿ ಎಂಜಿನಿಯರಿಂಗ್‌ಗೆ ಸುಮಾರು 2.74 ಲಕ್ಷ ಮಂದಿಗೆ ರ‍್ಯಾಂಕ್ ಸಿಕ್ಕಿತು. ಪಟ್ಟಿಯ ಮೇಲ್ತುದಿಯಲ್ಲಿ ಜನ ವಿರಳ, ನಡುವೆ ಕಿಕ್ಕಿರಿದಿರುತ್ತಾರೆ. ಹಾಗಾಗಿ ನಡುವೆ ಇರುವ ಮಗುವಿಗೆ ಒಂದೇ ಅಂಕ ಹೆಚ್ಚು ಬಂದರೂ ರ‍್ಯಾಂಕ್ ಬಹಳ ಮುಂದಕ್ಕೆ ಜಿಗಿಯುತ್ತದೆ.

ಪರ್ಸೆಂಟ್ ಬೇರೆ, ಪರ್ಸೆಂಟೈಲ್ ಬೇರೆ

ಎಂಜಿನಿಯರಿಂಗ್‌ಗೆ ರಾಷ್ಟ್ರಮಟ್ಟದಲ್ಲಿ ನಡೆಯುವ ಜೆಇಇ ಮೇನ್ ಪರೀಕ್ಷೆ ಹಲವು ದಿನ, ಹಲವು ಪಾಳಿಯಲ್ಲಿ ಇರುತ್ತದೆ. ಪಾಳಿಗೊಂದು ಪ್ರಶ್ನೆಪತ್ರಿಕೆ. ಒಂದು ಸುಲಭ ಇರುತ್ತದೆ, ಒಂದು ಕಷ್ಟ. ಅದಕ್ಕೇ ಪರೀಕ್ಷೆ ನಡೆಸುವ ಎನ್‌ಟಿಎ ಸಂಸ್ಥೆ 300ಕ್ಕೆ ಬಂದ ಅಂಕವನ್ನು ನೇರ ಹೋಲಿಸುವುದಿಲ್ಲ. ನಿಮ್ಮ ಪಾಳಿಯಲ್ಲಿ ಬರೆದವರಲ್ಲಿ ನಿಮ್ಮಷ್ಟೇ ಅಥವಾ ನಿಮಗಿಂತ ಕಡಿಮೆ ಅಂಕ ಪಡೆದವರು ನೂರಕ್ಕೆ ಎಷ್ಟು ಎಂದು ಎಣಿಸುತ್ತಾರೆ. ಅದೇ ಪರ್ಸೆಂಟೈಲ್. 92 ಪರ್ಸೆಂಟೈಲ್ ಎಂದರೆ 92 ಅಂಕ ಅಲ್ಲ, ಶೇ 92 ಕೂಡ ಅಲ್ಲ. ನೂರು ಜನರಲ್ಲಿ ಎಂಟು ಮಂದಿ ನಿಮಗಿಂತ ಮುಂದಿದ್ದಾರೆ ಎಂದರ್ಥ.

ಎಂಟೇ ಮಂದಿಯಲ್ಲವೇ ಎಂದು ಸಮಾಧಾನಪಡುವ ಮೊದಲು ಒಂದು ಗುಣಾಕಾರ ಮಾಡಿ. ಜೆಇಇ ಮೇನ್ ಬರೆಯುವವರು 14 ಲಕ್ಷಕ್ಕೂ ಹೆಚ್ಚು. ಅದರಲ್ಲಿ ನೂರಕ್ಕೆ ಎಂಟು ಎಂದರೆ ಒಂದು ಲಕ್ಷದ ಹನ್ನೆರಡು ಸಾವಿರ ಮಂದಿ ಮುಂದೆ ನಿಂತಿದ್ದಾರೆ. ಐಐಟಿಗೆ ಬೇಕಾದ ಜೆಇಇ ಅಡ್ವಾನ್ಸ್‌ಡ್ ಬರೆಯಲು 2025ರಲ್ಲಿ ಸಾಮಾನ್ಯ ವರ್ಗದವರಿಗೆ 93.1 ಪರ್ಸೆಂಟೈಲ್ ಬೇಕಿತ್ತು. ಅದು ಪರೀಕ್ಷೆ ಬರೆಯಲು ಅರ್ಹತೆ ಅಷ್ಟೇ. ಸುರತ್ಕಲ್ಲಿನ ಎನ್‌ಐಟಿಕೆಗೆ ಜೆಇಇ ಮೇನ್ ರ‍್ಯಾಂಕ್ ಸಾಕು, ಅಲ್ಲಿನ ಅರ್ಧ ಸೀಟು ಕರ್ನಾಟಕದವರಿಗೇ ಇದೆ. ಮೇನ್ ಪರೀಕ್ಷೆ ಜನವರಿ, ಏಪ್ರಿಲ್ ಎಂದು ವರ್ಷಕ್ಕೆ ಎರಡು ಸಲ ನಡೆಯುತ್ತದೆ. ಎರಡೂ ಬರೆದರೆ ಹೆಚ್ಚು ಬಂದದ್ದನ್ನೇ ಹಿಡಿಯುತ್ತಾರೆ.

ವೈದ್ಯಕೀಯಕ್ಕೆ ನೀಟ್. 180 ಪ್ರಶ್ನೆ, 720 ಅಂಕ. ಸರಿಯಾದರೆ 4, ತಪ್ಪಾದರೆ 1 ಕಡಿತ. ಸಿಇಟಿಯಲ್ಲಿ ಎಲ್ಲ ವೃತ್ತ ತುಂಬಿದ ಅಭ್ಯಾಸದಲ್ಲಿ ಇಲ್ಲೂ ತುಂಬಿದರೆ ಕೈಸುಟ್ಟುಕೊಳ್ಳಬಹುದು. ನೀಟ್‌ನಲ್ಲಿ ಸಾಮಾನ್ಯ ವರ್ಗಕ್ಕೆ 50, ಎಸ್‌ಸಿ, ಎಸ್‌ಟಿ, ಒಬಿಸಿಗೆ 40 ಪರ್ಸೆಂಟೈಲ್ ಬಂದರೆ ಅರ್ಹತೆ. ಈ 50 ಪರ್ಸೆಂಟೈಲ್ 2024ರಲ್ಲಿ 162 ಅಂಕಕ್ಕೆ ಬಂದು ನಿಂತಿತ್ತು, 2025ರಲ್ಲಿ 144ಕ್ಕೆ. ಪ್ರಶ್ನೆಪತ್ರಿಕೆ ಕಷ್ಟವಾದಷ್ಟೂ ಗೆರೆ ಕೆಳಗಿಳಿಯುತ್ತದೆ. ಆದರೆ ‘ನೀಟ್ ಕ್ವಾಲಿಫೈ ಆಯಿತು’ ಎಂದಾಕ್ಷಣ ಸ್ವೀಟು ಹಂಚಬೇಡಿ. ಅದು ಬಾಗಿಲೊಳಗೆ ಬರಲು ಅನುಮತಿ ಮಾತ್ರ. ಮಂಡ್ಯದ ಮಿಮ್ಸ್ ಸರ್ಕಾರಿ ಕಾಲೇಜಿನ ಸೀಟಿಗಾಗಲಿ, ನಾಗಮಂಗಲ ತಾಲ್ಲೂಕು ಬಿ.ಜಿ. ನಗರದಲ್ಲಿ 1986ರಿಂದ ಇರುವ ಆದಿಚುಂಚನಗಿರಿ ವೈದ್ಯಕೀಯ ಕಾಲೇಜಿನ ಸರ್ಕಾರಿ ಕೋಟಾಕ್ಕಾಗಲಿ ಅದಕ್ಕಿಂತ ಬಹಳ ಮೇಲಿನ ಅಂಕ ಬೇಕು. ನೀಟ್ ಬರೆದರಷ್ಟೇ ಸಾಲದು, ರಾಜ್ಯದ ಸೀಟಿಗೆ ಕೆಇಎಯಲ್ಲೂ ನೋಂದಣಿ ಆಗಿರಬೇಕು. ಇದನ್ನು ಮರೆತು ಕೈಕೈ ಹಿಸುಕಿಕೊಂಡವರು ಪ್ರತಿ ವರ್ಷ ಸಿಗುತ್ತಾರೆ.

ಕಾಮೆಡ್-ಕೆ ಖಾಸಗಿ ಕಾಲೇಜುಗಳ ಪರೀಕ್ಷೆ. ಅಲ್ಲಿ ಪಿಯು ಅಂಕ ಅರ್ಹತೆಗೆ ಮಾತ್ರ, ರ‍್ಯಾಂಕಿಗೆ ಸೇರುವುದಿಲ್ಲ. ಶುಲ್ಕ ಸಿಇಟಿ ಸೀಟಿಗಿಂತ ಹೆಚ್ಚು.

ಬಿಎಸ್ಸಿ ಕೃಷಿ ಬೇಕೆನ್ನುವ ಮಕ್ಕಳು ನಮ್ಮ ಕಡೆ ಬಹಳ. ಹತ್ತಿರದಲ್ಲೇ ವಿ.ಸಿ. ಫಾರಂ ಕೃಷಿ ಕಾಲೇಜು ಇರುವುದೂ ಒಂದು ಕಾರಣ. ಅಲ್ಲಿಗೂ ಪಿಯುಸಿ, ಸಿಇಟಿ ಎರಡೂ ಸೇರುತ್ತವೆ, ಗಣಿತದ ಜಾಗದಲ್ಲಿ ಜೀವಶಾಸ್ತ್ರ ಬರುತ್ತದೆ. ರೈತರ ಮಕ್ಕಳಿಗೆ ಪ್ರತ್ಯೇಕ ಕೃಷಿಕರ ಕೋಟಾ ಇದೆ. ಅದಕ್ಕೆ ಅರ್ಜಿ ಹಾಕುವಾಗಲೇ ಕೋಟಾ ಕೇಳಿರಬೇಕು, ವ್ಯವಸಾಯಗಾರರ ಕುಟುಂಬ ಎಂಬ ಪ್ರಮಾಣಪತ್ರ ಬೇಕು, ಜೊತೆಗೆ ಪ್ರಾಯೋಗಿಕ ಪರೀಕ್ಷೆ ಬರೆಯಬೇಕು. ಬೀಜ, ಗೊಬ್ಬರ, ಸಲಕರಣೆ ಗುರುತಿಸುವ ಪರೀಕ್ಷೆ ಅದು. ಹೊಲದಲ್ಲಿ ಅಪ್ಪನ ಜೊತೆ ಓಡಾಡಿದ ಮಗುವಿಗೆ ಅರ್ಧ ಉತ್ತರ ಅಲ್ಲೇ ಸಿಕ್ಕಿರುತ್ತದೆ.

ರ‍್ಯಾಂಕಿನಿಂದ ಸೀಟಿಗೆ

ನಲವತ್ತು ಸಾವಿರ ರ‍್ಯಾಂಕಿಗೆ ಏನು ಸಿಗುತ್ತದೆ? ಈ ಪ್ರಶ್ನೆಗೆ ಒಂದೇ ಉತ್ತರ ಇಲ್ಲ. ಕೆಇಎ ಜಾಲತಾಣದಲ್ಲಿ ಪ್ರತಿ ವರ್ಷದ ಕಟ್-ಆಫ್ ರ‍್ಯಾಂಕ್ ಪಟ್ಟಿ ಇರುತ್ತದೆ. ಕಟ್-ಆಫ್ ಎಂದರೆ ಆ ಕಾಲೇಜಿನ ಆ ಕೋರ್ಸಿನಲ್ಲಿ ಕೊನೆಯ ಸೀಟು ಪಡೆದ ಮಗುವಿನ ರ‍್ಯಾಂಕ್. ಪಟ್ಟಿಯಲ್ಲಿ ಅಡ್ಡಸಾಲಿಗೆ ಒಂದೊಂದು ಕೋರ್ಸ್, ಕಂಬಸಾಲಿನ ಮೇಲೆ ಜಿಎಂ, ಜಿಎಂಆರ್, ಜಿಎಂಕೆ, 3ಎಜಿ, 3ಎಆರ್, 3ಎಕೆ ಎಂಬಂಥ ಗುರುತುಗಳು. ಮೊದಲ ಭಾಗ ಪ್ರವರ್ಗ. ಕೊನೆಯ ಅಕ್ಷರ ಆರ್ ಇದ್ದರೆ ಗ್ರಾಮೀಣ, ಕೆ ಇದ್ದರೆ ಕನ್ನಡ ಮಾಧ್ಯಮ. ನಿಮ್ಮ ಮಗುವಿಗೆ ಅನ್ವಯಿಸುವ ಕಂಬಸಾಲನ್ನು ಮಾತ್ರ ನೋಡಿ. ಮೊದಲ ಸುತ್ತಿನ ಪಟ್ಟಿ ಒಂದನ್ನೇ ನೋಡಿ ಎದೆಗುಂದಬೇಡಿ. ಸುತ್ತು ಮುಂದುವರಿದಂತೆ ಸಾಮಾನ್ಯವಾಗಿ ಗೆರೆ ಸಡಿಲವಾಗುತ್ತದೆ.

ಪಟ್ಟಿಯಲ್ಲಿ ನಮ್ಮ ಸುತ್ತಲಿನ ಕಾಲೇಜುಗಳನ್ನೂ ಹುಡುಕಿ. ಮಂಡ್ಯದ ಪಿಇಎಸ್ 1962ರಿಂದ ಇದೆ. ಕೆ.ಆರ್. ಪೇಟೆಯಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜೇ ಇದೆ. ಶ್ರೀರಂಗಪಟ್ಟಣ ತಾಲ್ಲೂಕಿನ ಬೆಳವಾಡಿಯಲ್ಲಿ, ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ ಖಾಸಗಿ ಕಾಲೇಜುಗಳಿವೆ. ಮೈಸೂರಿನ ಎನ್‌ಐಇ ಮತ್ತು ಎಸ್‌ಜೆಸಿಇ ಕಟ್-ಆಫ್ ಇವಕ್ಕಿಂತ ಬಿಗಿ. ಎಲ್ಲ ಕಡೆಯೂ ಕಂಪ್ಯೂಟರ್ ಸೈನ್ಸಿನ ಗೆರೆ ಬಿಗಿ, ಸಿವಿಲ್, ಮೆಕ್ಯಾನಿಕಲ್ ಸಡಿಲ. ದೂರದ ದುಬಾರಿ ಕಾಲೇಜಿನ ಕಂಪ್ಯೂಟರ್ ಸೈನ್ಸಿಗಿಂತ ಮನೆಯಿಂದ ಓಡಾಡಿಕೊಂಡು ಓದುವ ಸರ್ಕಾರಿ ಕಾಲೇಜಿನ ಮೆಕ್ಯಾನಿಕಲ್ ಕೀಳು ಎಂದು ನಾನಂತೂ ಒಪ್ಪುವುದಿಲ್ಲ.

ಗ್ರಾಮೀಣ ಕೋಟಾ ಶೇ 15. ಇದರಲ್ಲಿ ನಮ್ಮವರು ಎಡವುವ ಜಾಗ ಒಂದಿದೆ. ಊರು ಹಳ್ಳಿಯಾದರೆ ಸಾಲದು, ಒಂದರಿಂದ ಹತ್ತನೇ ತರಗತಿವರೆಗೆ ಓದಿದ ಶಾಲೆ ಗ್ರಾಮೀಣ ಪ್ರದೇಶದಲ್ಲಿರಬೇಕು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ನಾಲ್ಕೂ ಪುರಸಭೆಗಳು. ಹಳ್ಳಿಯಲ್ಲಿ ಏಳನೇ ತರಗತಿವರೆಗೆ ಓದಿ ಎಂಟರಿಂದ ಪಟ್ಟಣದ ಹೈಸ್ಕೂಲಿಗೆ ಬಸ್ಸಿನಲ್ಲಿ ಬಂದ ಮಗುವಿಗೆ ಈ ಕೋಟಾ ಸಿಗುವುದಿಲ್ಲ. ಕನ್ನಡ ಮಾಧ್ಯಮದ ಶೇ 5 ಕೋಟಾಕ್ಕೂ ಹತ್ತು ವರ್ಷ ಪೂರ್ತಿ ಕನ್ನಡದಲ್ಲೇ ಓದಿರಬೇಕು. ವ್ಯಾಸಂಗ ಪ್ರಮಾಣಪತ್ರ ಶಾಲೆಯಲ್ಲಿ ಸಿಗುತ್ತದೆ, ಮೇಲುಸಹಿ ತಾಲ್ಲೂಕಿನ ಬಿಇಒ ಕಚೇರಿಯಲ್ಲಿ. ಜಾತಿ-ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿ. ಆ ಪ್ರಮಾಣಪತ್ರದ ಮೇಲಿರುವ ಆರ್‌ಡಿ ಸಂಖ್ಯೆಯನ್ನು ಅರ್ಜಿಯಲ್ಲಿ ತುಂಬುವಾಗ ಎರಡು ಸಲ ನೋಡಿ. ಇವನ್ನೆಲ್ಲ ಫಲಿತಾಂಶದ ನಂತರ ಮಾಡೋಣ ಎಂದು ಬಿಡಬೇಡಿ, ಡಿಸೆಂಬರಿನಲ್ಲೇ ಮಾಡಿಸಿಟ್ಟುಕೊಳ್ಳಿ.

ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದರೆ ಎಸ್‌ಎನ್‌ಕ್ಯೂ ಎಂಬ ಹೆಚ್ಚುವರಿ ಸೀಟುಗಳಿವೆ. ಒಟ್ಟು ಸೀಟಿನ ಮೇಲೆ ಶೇ 5ರಷ್ಟು ಇರುವ ಇವುಗಳಿಗೆ ಬೋಧನಾ ಶುಲ್ಕ ಇಲ್ಲ. ಒಳ್ಳೆಯ ರ‍್ಯಾಂಕ್ ಇರುವ ಬಡ ಮಕ್ಕಳು ಇದನ್ನು ಅರ್ಜಿಯಲ್ಲಿ ಕೇಳಲೇಬೇಕು.

ಮುಂದಿನದು ಆಪ್ಷನ್ ಎಂಟ್ರಿ, ಕಾಲೇಜು-ಕೋರ್ಸುಗಳನ್ನು ಇಷ್ಟದ ಕ್ರಮದಲ್ಲಿ ತುಂಬುವುದು. ‘ಸಿಗದ ಕಾಲೇಜನ್ನು ಮೇಲೆ ಹಾಕಿದರೆ ಸಿಗುವುದೂ ತಪ್ಪಿಹೋಗುತ್ತಾ ಸಾರ್?’ ಎಂದು ಬಹಳ ಜನ ಕೇಳುತ್ತಾರೆ. ತಪ್ಪುವುದಿಲ್ಲ. ನಿಮ್ಮ ರ‍್ಯಾಂಕಿನ ಸರದಿ ಬಂದಾಗ ಮೇಲಿನಿಂದ ಕೆಳಕ್ಕೆ ನೋಡುತ್ತಾ ಬರುತ್ತಾರೆ, ಮೊದಲು ಖಾಲಿ ಕಂಡದ್ದನ್ನು ಕೊಡುತ್ತಾರೆ. ಆದ್ದರಿಂದ ಆಸೆಯವು ಮೇಲೆ, ಸಿಗಬಹುದಾದವು ನಡುವೆ, ಖಂಡಿತ ಸಿಗುವಂಥವು ಕೆಳಗೆ ಇರಲಿ. ಹತ್ತೇ ಹಾಕಿ ಸುಮ್ಮನಾಗಬೇಡಿ. ಸೇರಲು ಮನಸ್ಸಿಲ್ಲದ ಕಾಲೇಜನ್ನು ಮಾತ್ರ ಹಾಕಬೇಡಿ. ಮೊದಲು ಅಣಕು ಹಂಚಿಕೆ ಬರುತ್ತದೆ. ಅದು ಸೀಟಲ್ಲ, ಅದನ್ನು ನೋಡಿ ಕ್ರಮ ತಿದ್ದಿಕೊಳ್ಳಬಹುದು.

ಖರ್ಚಿನ ಮಾತು. ಸಿಇಟಿ ಅರ್ಜಿ ಶುಲ್ಕ ಇತ್ತೀಚಿನ ವರ್ಷಗಳಲ್ಲಿ ಸಾಮಾನ್ಯ ವರ್ಗಕ್ಕೆ 500 ರೂಪಾಯಿ, ಎಸ್‌ಸಿ, ಎಸ್‌ಟಿ, ಪ್ರವರ್ಗ 1ಕ್ಕೆ 250. ನೀಟ್‌ಗೆ 2025ರಲ್ಲಿ ಸಾಮಾನ್ಯ ವರ್ಗಕ್ಕೆ 1,700, ಎಸ್‌ಸಿ, ಎಸ್‌ಟಿಗೆ 1,000. ಅರ್ಜಿಯನ್ನು ಮೊಬೈಲಿನಲ್ಲೇ ತುಂಬಬಹುದು, ಆಗದಿದ್ದರೆ ಸೈಬರ್ ಅಂಗಡಿಗೆ ಹೋಗಿ. ಅಲ್ಲಿ ಕೊಡುವ ಮೊಬೈಲ್ ಸಂಖ್ಯೆ ನಿಮ್ಮದೇ ಆಗಿರಲಿ. ಪಾಸ್‌ವರ್ಡನ್ನು ಅಂಗಡಿಯವರ ಬಳಿ ಬಿಟ್ಟುಬರಬೇಡಿ. 2024ರಲ್ಲಿ ಸೀಟ್ ಬ್ಲಾಕಿಂಗ್, ಅಂದರೆ ಸೇರದೆ ಸೀಟು ಹಿಡಿದಿಡುವ ದಂಧೆ, ಪೊಲೀಸ್ ತನಿಖೆಗೆ ಹೋಗಿ ಕೆಲವರ ಬಂಧನವೂ ಆಯಿತು. ಇಷ್ಟಾದ ಮೇಲಾದರೂ ಪಾಸ್‌ವರ್ಡಿನ ವಿಷಯದಲ್ಲಿ ಎಚ್ಚರ ಬೇಕು.

ರ‍್ಯಾಂಕ್, ಕಟ್-ಆಫ್ ಪಟ್ಟಿ, ಶುಲ್ಕದ ವಿವರ, ಸೀಟಿನ ಪಟ್ಟಿ ಎಲ್ಲವೂ ಕೆಇಎ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ‘ಇಷ್ಟು ಕೊಟ್ಟರೆ ಒಳ್ಳೆ ಸೀಟು ಹಾಕಿಸಿಕೊಡ್ತೀನಿ’ ಎಂದು ಯಾರಾದರೂ ಮನೆ ಬಾಗಿಲಿಗೆ ಬಂದರೆ ಒಂದು ಪೈಸೆಯನ್ನೂ ಕೊಡಬೇಡಿ.